‘ಹಾರ್ವೆಸ್ಟ್ ಫೆಸ್ಟಿವಲ್’ಗೆ ಸುಗ್ಗಿ ಹಬ್ಬ ಅಂದರೆ ಸಾಕೇ? (ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು)

ಅಚ್ಚುಮೊಳೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಜಾನಪದ ವಸ್ತುಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಮೂಲ ಇಂಗ್ಲಿಷಿನಲ್ಲಿದೆ. ದೊಡ್ಡ ಫಲಕದ ತಲೆಬರಹ ‘ಹಾರ್ವೆಸ್ಟ್ ಫೆಸ್ಟಿವಲ್ಸ್ ಆಫ್ ಕರ್ನಾಟಕ’. ಅದರಡಿ ಐದು ಚಿಕ್ಕ ಫಲಕ: ಮಕರ ಸಂಕ್ರಾಂತಿ, ಕೊಡಗಿನ ಹುತ್ತರಿ, ಬಡಗಣ ಜಿಲ್ಲೆಗಳ ಎಳ್ಳಮಾವಾಸ್ಯೆ, ಮಲೆನಾಡಿನ ಭೂಮಿ ಹುಣ್ಣಿಮೆ, ಕರಾವಳಿಯ ಹೊಸ್ತು. ಅವರೇ ಯಾವುದೋ ಯಂತ್ರಕ್ಕೆ ಕೊಟ್ಟು ‘ಕರ್ನಾಟಕದ ಕೊಯ್ಲು ಉತ್ಸವಗಳು’ ಎಂದು ಮಾಡಿಟ್ಟಿದ್ದರು. ನಾನು ಹೊಡೆದುಹಾಕಿ ‘ಸುಗ್ಗಿ ಹಬ್ಬಗಳು’ ಎಂದು ಬರೆದೆ. ಬರೆದ ಮೇಲೆ ಅನುಮಾನ ಶುರುವಾಯಿತು. ಭೂಮಿ ಹುಣ್ಣಿಮೆ ಬರುವುದು ಅಕ್ಟೋಬರ್ ಸುಮಾರಿಗೆ, ಆಶ್ವಯುಜದಲ್ಲಿ. ಆಗ ಎಲ್ಲಿಯ ಸುಗ್ಗಿ?

ಇನ್ನೊಂದು. ಹುತ್ತರಿ ಮತ್ತು ಹೊಸ್ತಿನ ಚಿತ್ರಗಳ ಕೆಳಗೆ ‘ಫಸ್ಟ್ ಫ್ರೂಟ್ಸ್’ ಎಂದಿದೆ. ‘ಪ್ರಥಮ ಫಲ’ ಎಂದು ಬರೆದರೆ ಜ್ಯೋತಿಷ್ಯದ ಫಲಕ ಅಂದುಕೊಳ್ಳುತ್ತಾರೆ. ಏನು ಹಾಕಲಿ? ತಲೆಬರಹಕ್ಕೆ ಎರಡು ಪದ, ಹೆಚ್ಚೆಂದರೆ ಮೂರು. ಫ್ಲೆಕ್ಸ್‌ನವರು ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆಯುತ್ತಾರೆ.

ನೇರಮಾತು ಬರೆದದ್ದು:

ಸುಗ್ಗಿ ಹಬ್ಬ. ಮಕ್ಕಳ ಪಾಠದಲ್ಲೂ ಸಂಕ್ರಾಂತಿಗೆ ಅದೇ ಅನ್ನುತ್ತಾರೆ. ಚರ್ಚೆ ಮಾಡುವಂಥದ್ದು ಏನೂ ಇಲ್ಲ. ಅಚ್ಚಿಗೆ ಕಳಿಸಿ.

ಪುಷ್ಪಗಿರಿ ಬರೆದದ್ದು:

ಕಳಿಸಬೇಡಿ ಮೇಡಂ. ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ‘ಸುಗ್ಗಿ’ ಅಂದರೆ ಒಂದು ಗೊತ್ತಾದ ಹಬ್ಬ, ಊರದೇವರದ್ದು, ಏಪ್ರಿಲ್‌ನಲ್ಲಿ. ಬೆಂಗಳೂರಿನಲ್ಲಿರುವ ಹುಡುಗರೆಲ್ಲ ರಜೆ ಹಾಕಿ ಬರುವುದು ಅದಕ್ಕೆ, ದೀಪಾವಳಿಗಲ್ಲ. ಆ ಹೊತ್ತಿಗೆ ಗದ್ದೆ ಬೋಳು. ಭತ್ತ ಕಣಜ ಸೇರಿ ತಿಂಗಳುಗಳೇ ಆಗಿರುತ್ತವೆ, ಕಾಫಿ ಕುಯ್ದೂ ಮುಗಿದಿರುತ್ತದೆ, ಮಳೆ ಬಿದ್ದ ಕಡೆ ಕಾಫಿ ಹೂವು. ನಿಮ್ಮ ಫಲಕದಲ್ಲಿ ‘ಸುಗ್ಗಿ ಹಬ್ಬಗಳು’ ಎಂದು ದೊಡ್ಡದಾಗಿ ಬರೆದು ಕೆಳಗೆ ನಮ್ಮ ಸುಗ್ಗಿಯೇ ಇಲ್ಲದಿದ್ದರೆ ನಮ್ಮವರು ಬಂದು ಕೇಳುತ್ತಾರೆ.

ಪದಮೂಲ ಬರೆದದ್ದು:

ಮಾನ್ಯರೆ, ಮೊದಲು ‘ಸುಗ್ಗಿ’ ಎಂಬುದರ ವ್ಯುತ್ಪತ್ತಿಯನ್ನು ಗಮನಿಸಿದರೆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಇದು ‘ಸುಭಿಕ್ಷ’ದ ತದ್ಭವ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಸುಭಿಕ್ಷ, ಸುಹಿಕ್ಕ, ಸುಇಗ್ಗ, ಸುಗ್ಗಿ. ಭಿಕ್ಷೆ ಸುಲಭವಾಗಿ ದೊರೆಯುವ ಕಾಲವೇ ಸುಭಿಕ್ಷ. ಕಣದಲ್ಲಿ ರಾಶಿ ಬಿದ್ದಾಗ ದಾಸಯ್ಯನಿಗೂ ಜಂಗಮನಿಗೂ ಮೊರದ ತುಂಬ ನೀಡುವುದು ನಮ್ಮ ಪದ್ಧತಿ. ಅರ್ಥಕ್ಕೆ ಅರ್ಥ, ಶಬ್ದಕ್ಕೆ ಶಬ್ದ ಕೂಡುತ್ತದೆ. ಹಾಗಾಗಿ ಬೆಳೆ ಸಮೃದ್ಧಿಗೆ ಸಂಬಂಧಿಸಿದ ಯಾವ ಆಚರಣೆಗೂ ಸುಗ್ಗಿ ಎನ್ನಬಹುದು, ತಿಂಗಳು ನೋಡಬೇಕಾಗಿಲ್ಲ. ‘ಕೊಯ್ಲು’ ಎಂಬುದು ಕೇವಲ ಕತ್ತರಿಸುವ ಕ್ರಿಯೆ, ಅದರಲ್ಲಿ ಮಂಗಳವಿಲ್ಲ.

ಓಲೆಗರಿ ಬರೆದದ್ದು:

ಕ್ಷ ಕನ್ನಡಕ್ಕೆ ಬಂದರೆ ಕ್ಕ ಆಗುತ್ತದೆ. ಪಕ್ಷ ಪಕ್ಕ, ಯಕ್ಷ ಜಕ್ಕ, ಲಕ್ಷ ಲಕ್ಕ, ಅಕ್ಷರ ಅಕ್ಕರ. ಗ್ಗ ಆದದ್ದು ಒಂದು ತೋರಿಸಿ, ಆಮೇಲೆ ದಾಸಯ್ಯನ ಮೊರಕ್ಕೆ ಬರೋಣ. ‘ಸುಇಗ್ಗ’ ಎಂಬ ರೂಪ ಯಾವ ಗ್ರಂಥದಲ್ಲಿದೆ?

ಹಳಗನ್ನಡ ಓದಿದವರಿಗೆಲ್ಲ ಗೊತ್ತಿರುವ ಸಂಗತಿ: ಕಾವ್ಯಗಳಲ್ಲಿ ಸುಗ್ಗಿ ಎಂದರೆ ವಸಂತ. ಮಾವು ಚಿಗುರಿ ಕೋಗಿಲೆ ಕೂಗುವ ಕಾಲ. ಕವಿಗಳು ಸುಗ್ಗಿ ಎಂದಾಗ ಅವರ ಕಣ್ಣ ಮುಂದೆ ಇದ್ದದ್ದು ಹೂವು, ತೆನೆಯಲ್ಲ. ಪುಷ್ಪಗಿರಿಯವರ ಏಪ್ರಿಲ್ ಸುಗ್ಗಿ ಆ ಹಳೆಯ ಅರ್ಥಕ್ಕೇ ಸರಿಹೊಂದುತ್ತದೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ತಲೆಗೆ ತುರಾಯಿ ಕಟ್ಟಿ ಮನೆಮನೆಗೆ ಹೋಗಿ ಸುಗ್ಗಿ ಕುಣಿಯುವುದೂ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ. ಎಲ್ಲವೂ ಮಾರ್ಚ್, ಏಪ್ರಿಲ್. ಕೊಯ್ಲಿನ ಅರ್ಥ ಅದೇ ಹೊತ್ತಿನ ಹಿಂಗಾರು ಬೆಳೆಯಿಂದ ಅಂಟಿಕೊಂಡಿರಬೇಕು ಎಂದು ನನ್ನ ಊಹೆ. ಅಂತೂ ಜನವರಿಯ ಸಂಕ್ರಾಂತಿಗೆ ಆ ಪದ ದೊಡ್ಡಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ ಜೋಲುತ್ತದೆ.

ಕಡಲತಡಿ ಬರೆದದ್ದು:

ತುಳುವರ ಲೆಕ್ಕದಲ್ಲಿ ಸುಗ್ಗಿ ವರ್ಷದ ಕೊನೆಯ ತಿಂಗಳು. ಪಗ್ಗುವಿನಲ್ಲಿ ವರ್ಷ ಶುರು, ಸುಗ್ಗಿಯಲ್ಲಿ ಮುಗಿತಾಯ. ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಅದೇ ಹೊತ್ತಿಗೆ ಸುಗ್ಗಿ ಅಂದರೆ ಗದ್ದೆಯ ಎರಡನೇ ಬೆಳೆಯ ಹೆಸರೂ ಹೌದು: ಏಣೆಲು, ಸುಗ್ಗಿ, ಕೊಳಕೆ. ಹಾಗಾಗಿ ನಮ್ಮಲ್ಲಿ ‘ಸುಗ್ಗಿ ಹಬ್ಬ’ ಅಂದರೆ ಯಾವ ಸುಗ್ಗಿ ಮಾರಾಯ್ರೆ ಅಂತ ಕೇಳುತ್ತಾರೆ.

ನಿಮ್ಮ ‘ಹೊಸ್ತು’ ಇರುವುದು ಏಣೆಲಿಗೆ. ನವರಾತ್ರಿ ಹೊತ್ತಿಗೆ, ಕೆಲವು ಕಡೆ ಚೌತಿಗೇ. ಆಗ ಗದ್ದೆ ಪೂರ್ತಿ ಕೊಯ್ದಿರುವುದಿಲ್ಲ. ನಾಲ್ಕು ಕದಿರು, ಅಂದರೆ ಭತ್ತದ ತೆನೆ, ತಂದು ತುಳಸಿಕಟ್ಟೆಯ ಹತ್ತಿರ ಇಟ್ಟು, ಪೂಜೆ ಮಾಡಿ, ಮನೆಯೊಳಗೆ ತಂದು, ಮಾವಿನೆಲೆ, ಹಲಸಿನೆಲೆ, ಅಶ್ವತ್ಥದ ಎಲೆಯ ಜೊತೆ ಸೇರಿಸಿ ಕಂಬಕ್ಕೆ, ನೇಗಿಲಿಗೆ, ಭತ್ತ ಅಳೆಯುವ ಕಳಸಿಗೆಗೆ ಕಟ್ಟುವುದು. ಈಗ ಬೈಕಿಗೂ ಕಟ್ಟುತ್ತಾರೆ. ಇದಕ್ಕೆ ‘ಕದಿರು ಕಟ್ಟುವುದು’, ‘ಮನೆ ತುಂಬಿಸುವುದು’ ಎನ್ನುತ್ತೇವೆ. ಹೊಸ ಅಕ್ಕಿ ಊಟ ಬೇರೆ ದಿನವೂ ಇರಬಹುದು, ತುಳುವಿನಲ್ಲಿ ಪುದ್ವಾರ್. ಗದ್ದೆ ಮಾರಿ ಅಡಿಕೆ ಹಾಕಿದವರು ದೇವಸ್ಥಾನದಲ್ಲಿ ಹಂಚುವ ಕದಿರು ತಂದು, ಅದರ ನಾಲ್ಕು ಕಾಳು ಸುಲಿದು ಅಂಗಡಿ ಅಕ್ಕಿಯ ಜೊತೆ ಬೇಯಿಸುತ್ತಾರೆ. ಹಬ್ಬ ನಿಂತಿಲ್ಲ, ಗದ್ದೆ ನಿಂತಿದೆ.

‘ತೆನೆ ಹಬ್ಬ’ ಎಂದೂ ಹಾಕಬಹುದಿತ್ತು. ಆದರೆ ಮಂಗಳೂರಿನಲ್ಲಿ ಪತ್ರಿಕೆಯವರು ಕೊಂಕಣಿ ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಫೆಸ್ತನ್ನು ತೆನೆ ಹಬ್ಬ ಎಂದೇ ಬರೆಯುವುದು. ಅವರೂ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ತಂದು ಹೊಸ ಅಕ್ಕಿ ಉಣ್ಣುತ್ತಾರೆ. ಒಂದೇ ಗದ್ದೆ, ಎರಡು ಹಬ್ಬ. ಗೊಂದಲ ಬೇಡವಾದರೆ ‘ಹೊಸ್ತು’ ಎಂದೇ ಇಡಿ.

ನೇರಮಾತು ಬರೆದದ್ದು:

ಸುಗ್ಗಿ ಬೇಡವಾದರೆ ‘ಫಸಲಿನ ಹಬ್ಬಗಳು’. ಎಲ್ಲರಿಗೂ ತಿಳಿಯುತ್ತದೆ. ಮುಗಿಯಿತು.

ತಿಳಿನುಡಿ ಬರೆದದ್ದು:

ಮುಗಿಯಲಿಲ್ಲ. ಪಸಲು ಅರಬ್ಬಿಯ ಒರೆ, ಅಂದರೆ ಪದ. ನೆಲ ಉತ್ತು ಬೆಳೆದು ಉಂಡ ನುಡಿಗೆ ಬೆಳೆಯ ಹೆಸರನ್ನೂ ಹೊರಗಿಂದ ತರಬೇಕೇ? ‘ಕಟಾವು’ ಮರಾಟಿಯಿಂದ ಬಂದದ್ದು, ಬೇಸಾಯ ಇಲಾಕೆಯವರು ಎಲ್ಲ ಕಡೆ ಅದನ್ನೇ ತುರುಕಿದ್ದಾರೆ. ‘ಉತ್ಸವ’, ‘ಆಚರಣೆ’, ‘ಸಮೃದ್ದಿ’ ಯಾವುದೂ ಬೇಕಿಲ್ಲ. ಕನ್ನಡದ್ದೇ ಇದೆ: ಕುಯ್ಲುಹಬ್ಬ. ಒಂದೇ ಪದ, ಚಿಕ್ಕದು, ಪಲಕದ ಮೇಲೆ ಕೂರುತ್ತದೆ. ಎರಡನೆಯದಕ್ಕೆ ‘ಮೊದಲ್ಬೆಳೆ’. ಎಲ್ಲರ ಬಾಯಲ್ಲಿ ಇರುವಂತೆ ಬರೆಯಿರಿ, ಮಹಾಪ್ರಾಣ ಬಿಡಿ.

ಓಲೆಗರಿ ಬರೆದದ್ದು:

‘ಕುಯ್ಲುಹಬ್ಬ’ದಲ್ಲಿ ಕುಯ್ಲು ನಿಮ್ಮದು, ಸರಿ. ಹಬ್ಬ? ಪರ್ವ, ಪರ್ಬ, ಪಬ್ಬ, ಹಬ್ಬ. ಸಂಸ್ಕೃತ. ತುಳುವಿನಲ್ಲಿ ಇನ್ನೂ ಪರ್ಬ ಎಂದೇ ಇದೆ. ಅರ್ಧ ಪದ ಹೊರಗೆ ಹಾಕುತ್ತೀರೋ ಪೂರ್ತಿ ಹಾಕುತ್ತೀರೋ?

ತಿಳಿನುಡಿ ಬರೆದದ್ದು:

ಹಬ್ಬ ಕನ್ನಡದ ಬಾಯಲ್ಲಿ ಪಳಗಿದೆ. ಪಕಾರ ಹಕಾರವಾಗುವಶ್ಟು ಹಿಂದೆಯೇ ಬಂದದ್ದು, ನಮ್ಮ ನುಡಿಯ ಕಟ್ಟಳೆಗೆ ಒಳಗಾದದ್ದು. ಪಸಲು ಹಾಗಲ್ಲ.

ಎರೆಹೊಲ ಬರೆದದ್ದು:

ತಿಳಿನುಡಿ ಅವರ, ‘ಪಸಲ ಹೆಂಗೈತಿ’ ಅಂತ ನಮ್ಮ ಓಣ್ಯಾಗ ಸಾಲಿ ಕಲೀಲಾರದ ಮುದುಕಿ ಕೇಳ್ತಾಳ್ರಿ. ಅಕಿ ಬಾಯಾಗ ಪಳಗಿಲ್ಲೇನು? ‘ರೈತ’ ಅನ್ನೂದೂ ಅರಬ್ಬಿನ, ‘ಜಮೀನು’ ಪಾರಸಿ, ಪಹಣ್ಯಾಗ ಬರಿಯೂ ಖುಷ್ಕಿ, ತರಿ, ಬಾಗಾಯ್ತ ಎಲ್ಲಾ ಪಾರಸಿ. ಎಲ್ಲಾ ತಗದ್ರ ನನ್ನ ಹೊಲದಾಗ ನಾನೂ ಉಳಿಯಂಗಿಲ್ಲ, ಹೊಲಾನೂ ಉಳಿಯಂಗಿಲ್ಲ. ಮುಂಗಾರಿ, ಹಿಂಗಾರಿ ಅನ್ನೂ ಚಂದನ ಮಾತು ನಮ್ಮಲ್ಲೇ ಅದಾವ, ಅವನ್ನ ಬಿಟ್ಟು ಖಾರೀಫ್, ರಬಿ ಅಂತ ಬರಿಯೂ ಮಂದಿ ಮ್ಯಾಲ ಸಿಟ್ಟು ಮಾಡ್ರಿ, ಒಪ್ತೀನಿ. ಮುದುಕಿ ಮ್ಯಾಲ ಬ್ಯಾಡ.

ಈಗ ಅಸಲಿ ಮಾತು. ಎಳ್ಳಮಾಸಿ ಸುಗ್ಗಿ ಹಬ್ಬ ಅಲ್ಲ, ಕುಯ್ಲ ಹಬ್ಬಾನೂ ಅಲ್ಲ. ಅವತ್ತ ಹೊಲದಾಗ ಬಿಳಿಜ್ವಾಳ ನಿಂತಿರತೈತಿ, ಹೊಡಿ ಆಗಿರತೈತಿ, ಅಂದ್ರ ತೆನಿ ಇನ್ನ ಸುಳಿ ಒಳಗ ಇರತೈತಿ, ಕೆಲವು ಕಡೆ ತೆನಿ ಇಣುಕಿರತಾವ. ಕಡ್ಲಿ ಹೂವು ಬಿಟ್ಟು ಕಾಯಿ ಹಿಡಿಯಾಕತ್ತಿರತೈತಿ. ಕುಡುಗೋಲು ಬೀಳೂದು ಇನ್ನ ತಿಂಗಳ ಎರಡು ತಿಂಗಳ ಆದಮ್ಯಾಲ. ಚಕ್ಕಡಿ ಕಟ್ಟಿ, ಈಗ ಟ್ರ್ಯಾಕ್ಟರ್, ಮಂದಿ ಎಲ್ಲಾ ಕೂಡಿ ಹೊಲಕ್ಕ ಹೋಗೂದು. ಬನ್ನಿ ಗಿಡದ ಬುಡಕ ಐದು ಕಲ್ಲಿಟ್ಟು ಪಾಂಡವರಂತ ಪೂಜಿ. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗಿ, ಬೀದರ ಕಲಬುರಗಿ ಕಡೆ ಭಜ್ಜಿ, ಅಂಬಲಿ. ಎಲ್ಲಾದರಾಗೂ ಚೂರು ಚೂರು ಕಲಸಿ ಹೊಲದ ತುಂಬ ಚರಗ ಚೆಲ್ಲತೀವಿ. ಒಬ್ಬರು ಚೆಲ್ಲತಾ ಮುಂದ ಹೋದ್ರ ಹಿಂದ ಒಬ್ಬರು ನೀರು ಹಾಕತಾ ಬರ್ತಾರ. ‘ಹುಲಿಗ್ಯೋ ಹುಲಿಗ್ಯೋ’ ಅಂತ ಕೂಗೂದು, ಊರಿಗೊಂದು ನಮೂನಿ ಕೂಗು. ಬಸುರಿಗೆ ಬಯಕಿ ಉಣಿಸಿದಂಗ ಇದು. ಬಸುರಿ ಮನ್ಯಾಗ ತೊಟ್ಟಿಲ ಹಾಡು ಹಾಡತಾರೇನ್ರಿ?

ಶರಾವತಿ ದಂಡೆ ಬರೆದದ್ದು:

ಎರೆಹೊಲದವರು ಹೇಳಿದ್ದೇ ನಮ್ಮ ಭೂಮಿ ಹುಣ್ಣಿಮೆಯೂ. ಸಾಗರ, ಸೊರಬ, ಹೊಸನಗರ ಕಡೆ ಅದು ಭೂಮಿತಾಯಿಯ ಸೀಮಂತ. ಭತ್ತ ಆಗ ಹೊಡೆಯಲ್ಲಿರುತ್ತದೆ, ‘ಗದ್ದೆ ಬಸಿರಾಗಿದೆ’ ಎನ್ನುವುದೇ ಮಾತು. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ದಿನಗಟ್ಟಲೆ ಕೂತು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಅಡುಗೆ. ನೂರೊಂದು ಕುಡಿ ಅಂತ ಲೆಕ್ಕ, ಸಿಕ್ಕಿದ ಸೊಪ್ಪೆಲ್ಲ ಸೇರಿಸಿ ಮಾಡುವ ಹಚ್ಚಂಬಲಿ. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ‘ಭೂಮಿತಾಯಿ ಉಂಡು ಹೋಗಲಿ’ ಎಂದು ಬೀರುತ್ತಾರೆ. ಕುಡುಗೋಲಿನ ಮಾತೇ ಆ ದಿನ ಇಲ್ಲ.

ಅಚ್ಚುಮೊಳೆಯವರೆ, ನಿಮ್ಮ ಐದನ್ನೂ ಪೈರಿನ ಜೊತೆ ಇಟ್ಟು ನೋಡಿ. ಭೂಮಿ ಹುಣ್ಣಿಮೆ, ಎಳ್ಳಮಾವಾಸ್ಯೆ ಎರಡೂ ಹೊಡೆ ಹೊತ್ತಿನವು, ಒಂದು ಮುಂಗಾರು ಭತ್ತಕ್ಕೆ, ಇನ್ನೊಂದು ಹಿಂಗಾರು ಜೋಳಕ್ಕೆ. ಹೊಸ್ತು, ಹುತ್ತರಿ ಮೊದಲ ತೆನೆಯವು. ಸಂಕ್ರಾಂತಿ ಕೊಯ್ಲು ಮುಗಿದು, ಒಕ್ಕಲಾಗಿ, ಕಣದಲ್ಲಿ ರಾಶಿ ಎದ್ದ ಮೇಲಿನದು. ನಡುವೆ ಗದ್ದೆಗೆ ಗದ್ದೆಯೇ ಕೊಯ್ಯುವ ದಿನಗಳಿವೆಯಲ್ಲ, ಬೆನ್ನು ಬಗ್ಗಿಸಿ ದುಡಿಯುವ ದಿನಗಳು, ಆಗ ಹಬ್ಬ ಮಾಡಲು ಪುರುಸೊತ್ತು ಯಾರಿಗಿದೆ? ನಿಮ್ಮ ಪಟ್ಟಿಯಲ್ಲಿ ಕೊಯ್ಲಿನ ಹಬ್ಬ ಒಂದೂ ಇಲ್ಲ. ಇಂಗ್ಲಿಷಿನವರು ಒಂದು ಪದದಲ್ಲಿ ಕಟ್ಟಿದ್ದಾರೆ ಅಂತ ನಾವೂ ಅದೇ ಹಗ್ಗದಲ್ಲಿ ಕಟ್ಟಬೇಕಾಗಿಲ್ಲ. ‘ಹೊಲಗದ್ದೆಯ ಹಬ್ಬಗಳು’ ಎನ್ನಿ. ಬಯಲುಸೀಮೆಗೆ ಹೊಲ, ನಮಗೆ ಗದ್ದೆ.

ನೇರಮಾತು ಬರೆದದ್ದು:

ಸಂಕ್ರಾಂತಿಗೆ ಹೊಲಕ್ಕೂ ಗದ್ದೆಗೂ ಯಾರು ಹೋಗುತ್ತಾರೆ? ಎಳ್ಳು ಬೀರಲು ಪಕ್ಕದ ಮನೆಗೆ ಹೋಗುತ್ತಾರೆ.

ಶರಾವತಿ ದಂಡೆ ಬರೆದದ್ದು:

ಊರ ಕಡೆ ಹೋಗಿ ನೋಡಿ. ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲು ಹಾಸಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸುವುದು ಪಕ್ಕದ ಮನೆಯ ಹಾಲಿನಲ್ಲಲ್ಲ. ನಿಮ್ಮ ತಟ್ಟೆಯ ಎಳ್ಳು, ಬೆಲ್ಲ, ಕಡಲೆಕಾಯಿ, ಕಬ್ಬು, ಅವರೆಕಾಯಿ, ಗೆಣಸು ಎಲ್ಲಿಂದ ಬಂದವು?

ಎರೆಹೊಲ ಬರೆದದ್ದು:

ಕಣದ ಮಾತು ಬಂತು ಅಂತ ಹೇಳ್ತೀನಿ. ರಾಶಿ ಅಳಿಯೂ ಮುಂದ ನಮ್ಮಲ್ಲಿ ‘ಒಂದು’ ಅನ್ನಂಗಿಲ್ಲ. ‘ಲಾಭ’ ಅಂತಾರ, ಆಮ್ಯಾಲ ಎರಡು, ಮೂರು. ಆ ‘ಲಾಭ’ ಸಂಸ್ಕೃತದ್ದು ಅಂತ ಕಣದಾಗ ಯಾರೂ ತಕರಾರು ತಗದಿಲ್ಲ. ತಗದ್ರ ರಾಶಿ ಕಡಿಮಿ ಆಗತೈತಿ.

ತಿಳಿನುಡಿ ಬರೆದದ್ದು:

ಮಾತು ತಪ್ಪಿಸುವುದು ಬೇಡ. ಲಾಬ ಎಂಬುದನ್ನು ಜನ ತಾವಾಗಿ ತೆಗೆದುಕೊಂಡರು. ‘ಸುಗ್ಗಿ ಸಂಬ್ರಮ’, ‘ಸಂಕ್ರಾಂತಿ ಮಹೋತ್ಸವ’ ಎಂಬುವು ಮೇಲಿಂದ ಹೇರಿದ್ದು. ಇವೆರಡರ ನಡುವೆ ಇರುವ ಬೇರ‍್ಮೆಯನ್ನು ನಾನು ಹೇಳುತ್ತಿರುವುದು. ‘ಹೊಲಗದ್ದೆಯ ಹಬ್ಬಗಳು’ ನನಗೆ ಒಪ್ಪಿಗೆ.

ಐನ್‌ಮನೆ ಬರೆದದ್ದು:

ತಲೆಬರಹ ಏನಾದರೂ ಇಟ್ಟುಕೊಳ್ಳಿ. ನಮ್ಮ ಹಬ್ಬದ ಹೆಸರು ಪುತ್ತರಿ. ‘ಹುತ್ತರಿ’ ಅಲ್ಲ. ಕೊಡವ ತಕ್ಕಿನಲ್ಲಿ, ಅಂದರೆ ನಮ್ಮ ಭಾಷೆಯಲ್ಲಿ, ಪ ಹ ಆಗುವುದಿಲ್ಲ. ಪುದಿಯ ಅರಿ, ಹೊಸ ಅಕ್ಕಿ. ನಮ್ಮನ್ನು ಕೇಳದೆ ನಮ್ಮ ಹಬ್ಬಕ್ಕೆ ಹ ಹಾಕಿದ್ದು ಯಾರು?

ಓಲೆಗರಿ ಬರೆದದ್ದು:

ಯಾರೂ ಕೂತು ಹಾಕಿದ್ದಲ್ಲ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪುತ್ತರಿ ಹುತ್ತರಿಯಾಯಿತು. ಕನ್ನಡದ ಬಾಯಿಗೆ ಸಿಕ್ಕಿದ ಪ ಹಾಗೇ ಉಳಿಯುವುದಿಲ್ಲ. ಬಹಳ ಕಾಲದಿಂದ ಕನ್ನಡದಲ್ಲಿ ಹುತ್ತರಿ ಎಂದೇ ಬರೆಯುತ್ತಾ ಬಂದಿದ್ದಾರೆ.

ಐನ್‌ಮನೆ ಬರೆದದ್ದು:

ಸಾಮಾನ್ಯ ಪದಕ್ಕೆ ನಿಮ್ಮ ನಿಯಮ ನಡೆಯಲಿ. ಹೆಸರಿಗೆ ಬೇಡ. ಪಂಪನನ್ನು ಹಂಪ ಅನ್ನುತ್ತೀರಾ?

ಓಲೆಗರಿ ಬರೆದದ್ದು:

ಪಂಪೆಯನ್ನು ಹಂಪೆ ಅನ್ನುತ್ತೇವೆ.

ಐನ್‌ಮನೆ ಬರೆದದ್ದು:

ಜಾಣತನಕ್ಕೆ ಸಂತೋಷ. ಫಲಕದಲ್ಲಿ ಪುತ್ತರಿ ಎಂದಿರಲಿ, ಬೇಕಾದರೆ ಪಕ್ಕದಲ್ಲಿ ಹುತ್ತರಿ ಬರೆಯಿರಿ.

ಶರಾವತಿಯವರು ‘ಮೊದಲ ತೆನೆ’ ಎಂದದ್ದು ಸರಿಯಾಗಿದೆ. ದಿನ, ಹೊತ್ತು ಎಲ್ಲ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತಾಗುತ್ತದೆ, ರೋಹಿಣಿ ನಕ್ಷತ್ರ ನೋಡಿ, ನವೆಂಬರ್ ಕೊನೆ ಇಲ್ಲವೆ ಡಿಸೆಂಬರಿನಲ್ಲಿ. ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೊಂದು ಹೊತ್ತು, ಕದಿರು ತೆಗೆಯುವುದಕ್ಕೊಂದು, ಊಟಕ್ಕೊಂದು. ರಾತ್ರಿ ಐನ್‌ಮನೆಯಿಂದ, ಅಂದರೆ ಮನೆತನದ ಮೂಲಮನೆಯಿಂದ, ಒಕ್ಕದವರೆಲ್ಲ (ಮನೆತನದವರೆಲ್ಲ) ದೀಪ ಹಿಡಿದು ಗದ್ದೆಗೆ ಹೋಗುವುದು. ಒಂದು ಗುಂಡು ಹಾರಿಸಿ, ಕದಿರು ಕೊಯ್ದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಮನೆಗೆ ತರುವುದು. ಗದ್ದೆಯ ಉಳಿದ ಭತ್ತ ಹಾಗೇ ನಿಂತಿರುತ್ತದೆ. ಮನೆಯಲ್ಲಿ ತಂಬಿಟ್ಟು, ಪುತ್ತರಿ ಗೆಣಸು, ಹೊಸ ಅಕ್ಕಿ ಸೇರಿಸಿದ ಪಾಯಸ. ಆಮೇಲೆ ಊರ ಬಯಲಾದ ಮಂದ್‌ನಲ್ಲಿ ಕೋಲಾಟ. ಇದನ್ನು ‘ಕೊಯ್ಲು ಉತ್ಸವ’ ಅಂದರೆ ಗುಂಡು ಹಾರಿಸಿದ್ದು ಯಾಕೆ ಅಂತಲೇ ತಿಳಿಯುವುದಿಲ್ಲ.

ಓಲೆಗರಿ ಬರೆದದ್ದು:

ಈ ‘ಪೊಲಿ’ಯನ್ನು ಸ್ವಲ್ಪ ನಿಂತು ನೋಡಬೇಕು. ಕೊಡವದಲ್ಲಿ ಪೊಲಿ ಎಂದರೆ ಹೆಚ್ಚಲಿ. ತುಳುವಿನಲ್ಲಿಯೂ ಪೊಲಿ ಎಂದರೆ ಹೆಚ್ಚಳ, ಬಡ್ಡಿಗೂ ಅದೇ ಮಾತು. ತಮಿಳುನಾಡಿನ ಕಣಗಳಲ್ಲಿ ‘ಪೊಲಿಯೋ ಪೊಲಿ’. ಕನ್ನಡದಲ್ಲಿ ‘ಹುಲುಸು’ ಇದೆ. ಈಗ ಎರೆಹೊಲದವರ ‘ಹುಲಿಗ್ಯೋ’ ಕೇಳಿಸಿಕೊಳ್ಳಿ. ಪೊಲಿ ಪುಲಿಯಾಗಿ, ಪ ಹ ಆಗಿ, ಹುಲಿ. ‘ಹುಲಿಗೋ’ ಎಂದರೆ ಹೆಚ್ಚಲಿ, ಹುಲುಸಾಗಲಿ. ಕಾಡಿನ ಹುಲಿಗೂ ಇದಕ್ಕೂ ಸಂಬಂಧವಿಲ್ಲ. ನನ್ನ ಊಹೆ ನಿಜವಾದರೆ ಕಕ್ಕಬ್ಬೆಯ ಗದ್ದೆಯಲ್ಲಿಯೂ ಕಲಬುರಗಿಯ ಜೋಳದ ಹೊಲದಲ್ಲಿಯೂ ಒಂದೇ ಕೂಗು ಕೇಳುತ್ತಿದೆ. ಐನ್‌ಮನೆಯವರಿಗೆ ಬೇಡವಾದ ಹ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಪದಮೂಲ ಬರೆದದ್ದು:

‘ಹುಲುಸು’ ಸಂಸ್ಕೃತದ ‘ವಿಪುಲ’ದಿಂದ ಬಂದದ್ದು. ವಿ ಲೋಪವಾಗಿ ಪುಲ, ಹುಲ. ಸ್ಪಷ್ಟವಾಗಿದೆ.

ಓಲೆಗರಿ ಬರೆದದ್ದು:

ನಿಮಗೆ ಸ್ಪಷ್ಟವಾಗದ್ದು ಯಾವುದಿದೆ? ಇನ್ನು ಸ್ವಲ್ಪ ಹೊತ್ತಿಗೆ ಎಳ್ಳನ್ನೂ ತಿಲಕ್ಕೆ ಒಪ್ಪಿಸುತ್ತೀರಿ. ತಿಲದಿಂದ ತೈಲ ಅಲ್ಲಿ, ಎಳ್+ನೆಯ್ ಕೂಡಿ ಎಣ್ಣೆ ಇಲ್ಲಿ. ಇಬ್ಬರೂ ಎಣ್ಣೆಗೆ ಎಳ್ಳಿನ ಹೆಸರನ್ನೇ ಇಟ್ಟರು, ಒಬ್ಬರನ್ನೊಬ್ಬರು ಕೇಳದೆ.

ಕಡಲತಡಿ ಬರೆದದ್ದು:

ಪೊಲಿಗೆ ನಾನು ಸಾಕ್ಷಿ. ನಮ್ಮ ಹಾಡುಗಳಲ್ಲೂ ‘ಪೊಲಿ ಪೊಲಿ’ ಧಾರಾಳ ಇದೆ. ಆದರೆ ಹುಲಿಗ್ಯೋ ಅದೇ ಅಂತ ಹೇಳಲು ನಡುವಿನ ಊರುಗಳ ಕೂಗು ಬೇಕಲ್ಲ. ಹಾವೇರಿ, ದಾವಣಗೆರೆ ಕಡೆಯವರು ಯಾರಾದರೂ ಇದ್ದರೆ ಬರೆಯಲಿ.

ಅಚ್ಚುಮೊಳೆ ಬರೆದದ್ದು:

ದಯವಿಟ್ಟು ಸ್ವಲ್ಪ ಇತ್ತ ನೋಡಿ. ತಲೆಬರಹಕ್ಕೆ ‘ಹೊಲಗದ್ದೆಯ ಹಬ್ಬಗಳು’ ತೆಗೆದುಕೊಂಡೆ, ಶರಾವತಿಯವರಿಗೆ ಋಣಿ. ‘ಫಸ್ಟ್ ಫ್ರೂಟ್ಸ್’ ಇನ್ನೂ ಹಾಗೇ ಕೂತಿದೆ. ‘ಮೊದಲ್ಬೆಳೆ’ ಎಂದರೆ ಏಣೆಲು, ಸುಗ್ಗಿ, ಕೊಳಕೆಗಳಲ್ಲಿ ಮೊದಲನೆಯದು ಎಂಬಂತೆ ಕೇಳುತ್ತದೆ.

ಪದಮೂಲ ಬರೆದದ್ದು:

‘ನವಾನ್ನ’ ಎಂಬ ಪ್ರಸಿದ್ಧ ಶಬ್ದವಿರುವಾಗ ಹುಡುಕಾಟವೇಕೆ? ವೈದಿಕದಲ್ಲಿ ‘ಆಗ್ರಯಣ’ ಎಂದೂ ಇದೆ. ಹೊಸ ಧಾನ್ಯವನ್ನು ದೇವತೆಗಳಿಗೆ ಅರ್ಪಿಸಿದ ನಂತರವೇ ಉಣ್ಣುವ ಇಷ್ಟಿ, ಅಂದರೆ ಯಾಗ, ಅದು.

ನೇರಮಾತು ಬರೆದದ್ದು:

ಆಗ್ರಯಣ ಅಂತ ಫಲಕ ಹಾಕಿದರೆ ಅದನ್ನು ವಿವರಿಸಲು ಇನ್ನೊಂದು ಫಲಕ ಹಾಕಬೇಕು.

ಪುಷ್ಪಗಿರಿ ಬರೆದದ್ದು:

‘ಮೀಸಲು’ ಯಾಕಾಗಬಾರದು? ಮನೆಯವರು ಬಾಯಿಗೆ ಹಾಕುವ ಮುಂಚೆ ದೇವರಿಗೆ ಎತ್ತಿಡುವುದಕ್ಕೆ ನಮ್ಮ ಅಜ್ಜಿಯರೆಲ್ಲ ಮೀಸಲು ಅನ್ನುತ್ತಿದ್ದರು. ಮೀಸಲು ಹಾಲು, ಮೀಸಲು ತೆಂಗಿನಕಾಯಿ. ಹಾಗೇ ಮೀಸಲು ತೆನೆ.

ನೇರಮಾತು ಬರೆದದ್ದು:

ಈಗಿನ ಹುಡುಗರು ಮೀಸಲು ಅಂದರೆ ಎಷ್ಟು ಪರ್ಸೆಂಟ್ ಅಂತ ಕೇಳುತ್ತಾರೆ.

ಪುಷ್ಪಗಿರಿ ಬರೆದದ್ದು:

ಕೇಳಲಿ. ಪದ ಅವರಿಗಿಂತ ಹಳೆಯದು. ಫಲಕದ ಮುಂದೆ ನಿಂತು ಎರಡು ನಿಮಿಷ ಯೋಚಿಸಿದರೆ ನಷ್ಟವಿಲ್ಲ.

ತಿಳಿನುಡಿ ಬರೆದದ್ದು:

ಮೀಸಲು ತೆನೆ ಚೆನ್ನಾಗಿದೆ. ನನ್ನ ‘ಮೊದಲ್ಬೆಳೆ’ಗಿಂತ ನೇರ. ಇಂತಹ ಒರೆಗಳು ಮನೆಯಲ್ಲಿರುವಾಗ ನವಾನ್ನ ಯಾಕೆ ಬೇಕು?

ಕಡಲತಡಿ ಬರೆದದ್ದು:

ಹೊಸ್ತಿನ ಚಿತ್ರದಲ್ಲಿ ಇರುವುದು ಏನು ಅಂತ ಮೊದಲು ಹೇಳಿ. ಕದಿರು ಕಟ್ಟುವ ಚಿತ್ರವಾದರೆ ಮೀಸಲು ಹೊಂದುವುದಿಲ್ಲ. ಅದು ದೇವರಿಗೆ ಎತ್ತಿಟ್ಟದ್ದಲ್ಲ, ಮನೆಗೆ ತುಂಬಿಸಿಕೊಂಡದ್ದು. ವರ್ಷವಿಡೀ ಕಂಬದಲ್ಲೇ ಒಣಗಿ ಇರುತ್ತದೆ, ಮುಂದಿನ ಹೊಸ್ತಿಗೆ ಅದನ್ನು ಬಿಚ್ಚಿ ಹೊಸದು ಕಟ್ಟುವುದು. ಊಟದ ಚಿತ್ರವಾದರೆ ‘ಹೊಸ ಅಕ್ಕಿ ಊಟ’. ಚಿತ್ರ ನೋಡದೆ ಪದ ಕೊಡುತ್ತಾ ಹೋದರೆ ಹೀಗೇ.

ಅಚ್ಚುಮೊಳೆ ಬರೆದದ್ದು:

ಹೊಸ್ತಿನ ಚಿತ್ರದಲ್ಲಿ ಹಿರಿಯರೊಬ್ಬರು ಬಾಗಿಲವಾಡಕ್ಕೆ ತೆನೆ ಕಟ್ಟುತ್ತಿದ್ದಾರೆ. ಪುತ್ತರಿಯದು ರಾತ್ರಿಯ ಚಿತ್ರ, ಬಿಳಿ ಕುಪ್ಯಚೇಲೆ ತೊಟ್ಟವರು ಗದ್ದೆಯಲ್ಲಿ ಕುಡುಗೋಲು ಹಿಡಿದಿದ್ದಾರೆ. ಹಾಗಾದರೆ ಎರಡಕ್ಕೂ ಒಂದೇ ಪದ ಬೇಡ. ಮೊದಲನೆಯದಕ್ಕೆ ‘ಕದಿರು ಕಟ್ಟುವುದು’, ಎರಡನೆಯದಕ್ಕೆ ‘ಕದಿರು ತೆಗೆಯುವುದು’. ‘ಫಸ್ಟ್ ಫ್ರೂಟ್ಸ್’ ಎಂಬುದನ್ನು ಕನ್ನಡದಲ್ಲಿ ಬಿಟ್ಟೇಬಿಡುತ್ತೇನೆ. ಮೂಲದವರು ಕೇಳಿದರೆ ಈ ಪತ್ರಗಳನ್ನೆಲ್ಲ ಕಳಿಸುತ್ತೇನೆ.

ಐನ್‌ಮನೆ ಬರೆದದ್ದು:

ಕುಪ್ಯ ಬೇರೆ, ಚೇಲೆ ಬೇರೆ. ಕುಪ್ಯ ನಿಲುವಂಗಿ, ಚೇಲೆ ಸೊಂಟಕ್ಕೆ ಕಟ್ಟುವ ಕೆಂಪು ಪಟ್ಟಿ. ಬಿಳಿ ಇರುವುದು ಕುಪ್ಯ ಮಾತ್ರ.

ಪದಮೂಲ ಬರೆದದ್ದು:

‘ಕದಿರು’ ಎಂದರೆ ಸೂರ್ಯಕಿರಣವೂ ಹೌದು. ತೆನೆ, ಕಿರಣ ಇವೆರಡರ ಆಕಾರಸಾಮ್ಯದಿಂದ...

ನಿರ್ವಾಹಕರು ಬರೆದದ್ದು:

ಕದಿರಿನ ವ್ಯುತ್ಪತ್ತಿಗೆ ಬೇರೆ ವಿಷಯಸಾಲು ತೆರೆಯಿರಿ. ಎರವಲು ಪದಗಳ ಜಗಳಕ್ಕೂ ಬೇರೆ ಸಾಲಿದೆ, ಹಳೆಯದು, ಇನ್ನೂ ಮುಗಿದಿಲ್ಲ.

ಎರೆಹೊಲ ಬರೆದದ್ದು:

ಅಚ್ಚಿಗೆ ಹೋಗೂಕಿಂತ ಮೊದಲ ಒಂದು ನೋಡ್ರಿ ಅಕ್ಕಾರ. ಎಳ್ಳಮಾಸಿ ಫಲಕದಾಗ ‘ಅನ್ನವನ್ನು ಎರಚುತ್ತಾರೆ’ ಅಂತ ಬರದಿದ್ರ ಅದನ್ನ ಹೊಡದು ‘ಚರಗ ಚೆಲ್ಲುತ್ತಾರೆ’ ಅಂತ ಮಾಡ್ರಿ. ಎರಚೂದು ಗೊಬ್ಬರ.

ಅಚ್ಚುಮೊಳೆ ಬರೆದದ್ದು:

‘ಸಿಂಪಡಿಸುತ್ತಾರೆ’ ಎಂದಿತ್ತು. ತಿದ್ದಿದೆ.